ಬೆಟ್ಟ ಹತ್ತಿ ಬಂದವರು

ನಮ್ಮ ಕಡೆ ‘ಘಟ್ಟ ಹತ್ತುವುದು’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಚಾರ್ಮಾಡಿಯ ತಿರುವುಗಳನ್ನು ಏರಿ ಕೊಟ್ಟಿಗೆಹಾರಕ್ಕೆ ಬರುವುದು ಒಂದು. ಅದು ಬಸ್ಸಿನ ಕೆಲಸ. ಹುಟ್ಟಿದ ಊರಿನಲ್ಲಿ ಹೊಟ್ಟೆಗೆ ಸಾಲದೆ, ಒಂದು ಗಂಟು ಬಟ್ಟೆ, ಒಂದೆರಡು ಪಾತ್ರೆ, ಕಂಕುಳಲ್ಲೊಂದು ಕೂಸು, ಇಷ್ಟನ್ನೇ ಹೊತ್ತುಕೊಂಡು ಕಾಫಿ ತೋಟದ ಕೂಲಿಗೆ ಬರುವುದು ಇನ್ನೊಂದು. ಅದು ಮನುಷ್ಯರ ಕೆಲಸ, ಅದರಲ್ಲಿಯೂ ಹೆಚ್ಚಿನ ಭಾರ ಹೆಂಗಸರದು. ನನ್ನ ಅಜ್ಜಿ ಈ ಎರಡನೆಯ ಅರ್ಥದಲ್ಲಿ ಘಟ್ಟ ಹತ್ತಿದವಳು. ನನ್ನ ತಾಯಿ ತೋಟದ ಲೈನಿನಲ್ಲಿಯೇ ಹುಟ್ಟಿದವಳು. ನಾನು ಆ ಲೈನಿನಿಂದ ಬಂದು ಈ ಸರ್ಕಾರಿ ಕಾಲೇಜಿನಲ್ಲಿ ಬಿ.ಎ. ಓದುತ್ತಿರುವವಳು.

ವಾರ್ಷಿಕ ಸಂಚಿಕೆಗೆ ಲೇಖನಗಳು ಬೇಕೆಂದು ಕನ್ನಡದ ಅಧ್ಯಾಪಕರು ತರಗತಿಯಲ್ಲಿ ಕೇಳಿದಾಗ ಗೆಳತಿಯರು ಪ್ರವಾಸ ಕಥನ, ಕವಿಪರಿಚಯ, ಪ್ರಕೃತಿ ಸೌಂದರ್ಯ ಎಂದು ಒಂದೊಂದನ್ನು ಹಂಚಿಕೊಂಡರು. ಪ್ರಕೃತಿ ಸೌಂದರ್ಯ ನನ್ನ ಪಾಲಿಗೇ ಎಂದು ಎಲ್ಲರೂ ಎಣಿಸಿದ್ದರು. ಏಕೆಂದರೆ ನಾನು ಜಾವಳಿಯ ಕಡೆಯವಳು. ಜಾವಳಿಯೆಂದರೆ ಹೇಮಾವತಿ ಹುಟ್ಟುವ ಊರು. ಬಲ್ಲಾಳರಾಯನ ದುರ್ಗದ ಸಾಲಿನ ಮಡಿಲಲ್ಲಿ ಸಣ್ಣ ಒರತೆಯಾಗಿ ಹೊರಟ ನೀರು ಮೂಡಿಗೆರೆ, ಸಕಲೇಶಪುರಗಳನ್ನು ಹಾದು, ಗೊರೂರಿನ ಅಣೆಕಟ್ಟಿನಲ್ಲಿ ತಂಗಿ, ಕೊನೆಗೆ ಕೃಷ್ಣರಾಜಸಾಗರದ ಹತ್ತಿರ ಕಾವೇರಿಯನ್ನು ಸೇರುತ್ತದೆ. ಆ ಮೂಲವನ್ನು ನೋಡಲು ದೂರದಿಂದ ಜನ ಬರುತ್ತಾರೆ, ಕೈಮುಗಿಯುತ್ತಾರೆ, ಚಿತ್ರ ತೆಗೆದುಕೊಳ್ಳುತ್ತಾರೆ. ಆದರೆ ಅದೇ ದಾರಿಯ ಎರಡು ಮಗ್ಗುಲಲ್ಲಿ ಗಿಡಗಳ ನಡುವೆ ಬಾಗಿ ನಿಂತ ಹೆಂಗಸರನ್ನು ನೋಡುವವರು ಕಡಿಮೆ. ನೀರು ಇಲ್ಲಿಂದ ಇಳಿದು ಹೋಗುತ್ತದೆ. ಜನ ಇಲ್ಲಿಗೆ ಹತ್ತಿ ಬರುತ್ತಾರೆ. ಇಳಿದು ಹೋಗುವ ನೀರಿನ ಮೇಲೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಹತ್ತಿ ಬಂದ ಹೆಂಗಸರ ದುಡಿಮೆ, ಅವರ ದೈವ, ಇವೆರಡರ ನಡುವೆ ಅವರು ತಮಗೆಂದು ಉಳಿಸಿಕೊಳ್ಳಬಹುದಾದ ಬೆಳವಣಿಗೆ, ಇದರ ವಿಷಯವಾಗಿ ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಬಂದವರ ಮಾತು ಎತ್ತಿದರೆ ಮೊದಲು ಕಾಫಿಯ ಹೆಸರನ್ನೇ ಹೇಳಬೇಕು. ಅದೂ ಇಲ್ಲಿಯದಲ್ಲ. ಅರೇಬಿಕಾ ಎಂದು ಹೆಸರಿದ್ದರೂ ಅದರ ತವರು ಆಫ್ರಿಕ ಖಂಡದ ಇಥಿಯೋಪಿಯದ ಎತ್ತರದ ಕಾಡು. ಅಲ್ಲಿಂದ ಕೆಂಪು ಸಮುದ್ರವನ್ನು ದಾಟಿ ಯೆಮೆನಿಗೆ ಹೋಗಿ, ಯೆಮೆನಿನಿಂದ 17ನೆಯ ಶತಮಾನದಲ್ಲಿ ಬಾಬಾ ಬುಡನ್ ಅವರ ಕೈಯಲ್ಲಿ ಏಳು ಬೀಜಗಳಾಗಿ ನಮ್ಮ ಚಂದ್ರದ್ರೋಣ ಪರ್ವತಕ್ಕೆ ಬಂತೆಂದು ಪ್ರತೀತಿ. ರೊಬಸ್ಟಾ ಮಧ್ಯ ಆಫ್ರಿಕ, ಪಶ್ಚಿಮ ಆಫ್ರಿಕಗಳ ಗಿಡ. ಅದು ಬಂದದ್ದು ಇನ್ನೂ ಈಚೆಗೆ, 20ನೆಯ ಶತಮಾನದ ಆರಂಭದ ಸುಮಾರಿಗೆ. ಹೀಗೆ ಆಫ್ರಿಕದಿಂದ ವಲಸೆ ಬಂದ ಗಿಡವನ್ನು ಇಂದು ಯಾರೂ ಪರದೇಶಿ ಎನ್ನುವುದಿಲ್ಲ. ನೆಂಟರು ಮನೆಗೆ ಬಂದರೆ ಮೊದಲು ಕೇಳುವುದೇ ಕಾಫಿ ಆಯಿತೇ ಎಂದು. ಆದರೆ ಆ ಗಿಡದ ಬುಡಕ್ಕೆ ಮಣ್ಣು ಕೊಟ್ಟ ಹೆಂಗಸನ್ನು ಮಾತ್ರ ಮೂರು ತಲೆ ಕಳೆದರೂ ‘ಇವರು ಘಟ್ಟದ ಕೆಳಗಿನವರು’ ಎಂದೇ ಗುರುತಿಸುತ್ತೇವೆ.

ಗಿಡ ಇಲ್ಲಿ ಬೇರೂರಿದ್ದು ಸುಮ್ಮನೆ ಅಲ್ಲ. ಬೀಜವನ್ನು ಪಾತಿಯಲ್ಲಿ ಮೊಳೆಯಿಸಿ, ಸಸಿಯನ್ನು ಮಣ್ಣು ಗೊಬ್ಬರ ತುಂಬಿದ ಚೀಲಕ್ಕೆ ಎತ್ತಿ, ಚಪ್ಪರದ ಕೆಳಗೆ ನೀರುಣಿಸಿ, ಮಳೆ ಹಿಡಿದ ಮೇಲೆ ಗುಂಡಿಯಲ್ಲಿ ನೆಡುತ್ತಾರೆ. ನೆಟ್ಟ ಮೇಲೂ ಮೇಲೆ ಮರದ ನೆರಳು ಬೇಕು. ನೆರಳು ಹೆಚ್ಚಾದರೆ ಹೂವಿಲ್ಲ, ಕಡಿಮೆಯಾದರೆ ಎಲೆ ಸುಡುತ್ತದೆ. ಅದಕ್ಕೆಂದೇ ವರ್ಷ ವರ್ಷ ಮರಗಸಿ ಮಾಡಿಸುತ್ತಾರೆ. ಬಂದ ಗಿಡಕ್ಕೆ ಇಷ್ಟು ವ್ಯವಸ್ಥೆ ಬೇಕೆಂದು ತಿಳಿದವರಿಗೆ ಬಂದ ಮನುಷ್ಯರಿಗೆ ಎಷ್ಟು ಬೇಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅಜ್ಜಿಯ ಊರು ಬೆಳ್ತಂಗಡಿಯ ಕಡೆ. ಆಗ ಮೇಸ್ತ್ರಿ ಘಟ್ಟದ ಕೆಳಗೆ ಹೋಗಿ, ಮನೆಮನೆಗೆ ಮುಂಗಡ ಕೊಟ್ಟು, ಗದ್ದೆ ಕೊಯ್ಲು ಮುಗಿದ ಮೇಲೆ ಜನ ಕರೆತರುತ್ತಿದ್ದನಂತೆ. ಮುಂಗಡ ತೀರುವವರೆಗೆ ದುಡಿದು, ಮಳೆಗಾಲಕ್ಕೆ ಊರಿಗೆ ಮರಳುವುದು ವಾಡಿಕೆ. ಅಜ್ಜಿಯ ಮುಂಗಡ ಒಂದು ವರ್ಷ ತೀರಲಿಲ್ಲ. ಆ ಮಳೆಗಾಲ ಇಲ್ಲಿಯೇ ಕಳೆಯಿತು. ಮುಂದಿನ ವರ್ಷ ಮಗು ಹುಟ್ಟಿತು. ಆಮೇಲೆ ಊರು ಎಂಬುದು ವರ್ಷಕ್ಕೊಮ್ಮೆ ಕೋಲಕ್ಕೆ ಹೋಗಿ ಬರುವ ಜಾಗವಾಯಿತು. ‘ನಾನು ಇಲ್ಲಿ ಉಳಿಯುತ್ತೇನೆಂದು ಯಾವತ್ತೂ ನಿಶ್ಚಯ ಮಾಡಲಿಲ್ಲ ಮಗಾ, ದಿನ ದಿನ ಉಳಿದೆ ಅಷ್ಟೆ’ ಎಂದು ಅವಳು ಹೇಳುತ್ತಿದ್ದಳು. ತಮಿಳು ನಾಡಿನಿಂದ ಬಂದವರ ಕತೆಯೂ ಇಂಥದೇ. ಮಾತು ಬೇರೆ, ಮುಂಗಡ ಒಂದೇ.

ಇಂದು ನಮ್ಮ ಲೈನಿನಲ್ಲಿ ತುಳುವಿಗಿಂತ ಬೇರೆ ಭಾಷೆಗಳು ಹೆಚ್ಚಾಗಿ ಕೇಳಿಸುತ್ತವೆ. ಅಸ್ಸಾಮಿನಿಂದ, ಝಾರ್ಖಂಡಿನಿಂದ, ಬಂಗಾಳದಿಂದ ಜನ ರೈಲಿನಲ್ಲಿ ಮೂರು ನಾಲ್ಕು ದಿನ ಕುಳಿತು ಬಂದು ಚಿಕ್ಕಮಗಳೂರಿನ, ಕೊಡಗಿನ ತೋಟಗಳನ್ನು ಸೇರುತ್ತಿದ್ದಾರೆ. ನಮ್ಮ ಮನೆಗೆ ಒಂದೇ ಗೋಡೆಯಾಚೆ ಅಸ್ಸಾಮಿನ ಒಬ್ಬ ಅಕ್ಕ ಗಂಡನೊಡನೆ, ಇಬ್ಬರು ಮಕ್ಕಳೊಡನೆ ಇದ್ದಾಳೆ. ಅವಳು ಹುಟ್ಟಿದ್ದು ಚಹದ ತೋಟದಲ್ಲಿ. ಆದರೆ ಅವಳ ಮುತ್ತಜ್ಜಂದಿರು ಅಸ್ಸಾಮಿನವರೂ ಅಲ್ಲ. 19ನೆಯ ಶತಮಾನದಲ್ಲಿ ಬ್ರಿಟಿಷರು ಚಹ ಬೆಳೆಸಲು ಛೋಟಾ ನಾಗಪುರದ ಕಾಡುಜನರನ್ನು ಸಾಲುಸಾಲಾಗಿ ಅಸ್ಸಾಮಿಗೆ ಸಾಗಿಸಿದರು. ಇವಳು ಆ ಸಂತಾನದವಳು. ಮನೆಯಲ್ಲಿ ಅವಳಾಡುವುದು ಸಾದ್ರಿ ಎಂಬ ಮಾತು. ಒಂದು ತೋಟದಿಂದ ಇನ್ನೊಂದು ತೋಟಕ್ಕೆ, ಒಂದು ಎಲೆಯಿಂದ ಇನ್ನೊಂದು ಹಣ್ಣಿಗೆ ಬಂದವಳು. ಅವಳು ನನ್ನ ತಾಯಿಯನ್ನು ‘ದೀದಿ’ ಎನ್ನುತ್ತಾಳೆ. ತಾಯಿ ಅವಳನ್ನು ‘ತಂಗಿ’ ಎನ್ನುತ್ತಾಳೆ. ನಡುವೆ ಕನ್ನಡ ಸ್ವಲ್ಪ, ಹಿಂದಿ ಸ್ವಲ್ಪ, ಉಳಿದದ್ದು ಕೈಸನ್ನೆ.

ದುಡಿಮೆಯ ವಿಚಾರ ತಿಳಿಯದ ಓದುಗರಿಗಾಗಿ ಒಂದು ದಿನದ ಲೆಕ್ಕ ಕೊಡುತ್ತೇನೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಒಲೆ ಹಚ್ಚಬೇಕು. ಗಂಜಿ, ಪಲ್ಯ, ಮಕ್ಕಳ ಬುತ್ತಿ, ನೀರು, ಪಾತ್ರೆ ಇಷ್ಟೂ ಮುಗಿಯುವಾಗ ಮೇಸ್ತ್ರಿಯ ಹಾಜರಿಯ ಹೊತ್ತು. ನವೆಂಬರಿನಿಂದ ಜನವರಿಯ ತನಕ ಅರೇಬಿಕಾ ಕೊಯ್ಲು. ಅದು ಮುಗಿಯುವ ಮುನ್ನವೇ ರೊಬಸ್ಟಾ ಕೆಂಪಾಗುತ್ತದೆ, ಮಾರ್ಚಿಯವರೆಗೂ ಎಳೆಯುತ್ತದೆ. ಸೊಂಟಕ್ಕೆ ಚೀಲ ಕಟ್ಟಿ, ಇಬ್ಬನಿಯಲ್ಲಿ ನೆನೆದ ಗಿಡದೊಳಕ್ಕೆ ತಲೆ ಹಾಕಿ, ಹಣ್ಣನ್ನಷ್ಟೇ ಬಿಡಿಸಿ ಕಾಯಿಯನ್ನು ಬಿಡಬೇಕು. ಕೆಂಜಿಗ ಇರುವೆ ಕತ್ತಿನೊಳಗೆ ಇಳಿದಿರುತ್ತದೆ. ಅದನ್ನು ಕೊಡವಿಕೊಳ್ಳಲು ಎರಡು ಕೈಯಲ್ಲಿ ಒಂದೂ ಬಿಡುವಿರುವುದಿಲ್ಲ. ಸಂಜೆ ಮೂಟೆಯನ್ನು ತಲೆಯ ಮೇಲೆ ಹೊತ್ತು ತೂಕದ ಜಾಗಕ್ಕೆ ತಂದು, ಸುರಿದು, ಹಸಿರು ಕಾಯಿಯನ್ನು ಆರಿಸಿ ತೆಗೆದು, ಸರದಿಯಲ್ಲಿ ನಿಲ್ಲಬೇಕು. ಕೊಯ್ಲು ಮುಗಿದರೆ ಕಸಿ, ಚಿಗುರು ತೆಗೆಯುವುದು, ಗೊಬ್ಬರ, ಕಳೆ. ಮಾರ್ಚಿ ಏಪ್ರಿಲಿನಲ್ಲಿ ಹೂಮಳೆ ಬಂದು ತೋಟವೆಲ್ಲ ಬೆಳ್ಳಗೆ ಅರಳಿ ಮಲ್ಲಿಗೆಯಂತೆ ಕಂಪು ಹರಡಿದಾಗ ನೋಡುವವರಿಗೆ ಅದು ಸ್ವರ್ಗ. ನಮ್ಮವರಿಗೆ ಮಾತ್ರ ಬರುವ ವರ್ಷದ ಕೂಲಿಯ ಮುಂಗಾಣಿಕೆ. ಮಳೆಗಾಲದ ಮಾತಂತೂ ಕೇಳಬೇಡಿ. ಅಜ್ಜಿಯ ಕಾಲದ ಗೊರಬು ಹೋಗಿ ಪ್ಲಾಸ್ಟಿಕ್ ಕೊಪ್ಪೆ ಬಂದಿದೆ. ಇಂಬಳ ಮಾತ್ರ ಅಂದಿನಂತೆಯೇ ಇದೆ.

ತೋಟದ ಕೆಲಸ ಬಿಟ್ಟ ಮೇಲೆ ಮನೆಯ ಕೆಲಸ. ಗಂಡಸರು ಹೊರಗಿನ ಕಟ್ಟೆಯ ಮೇಲೆ ಕುಳಿತು ಬೀಡಿ ಹಚ್ಚುವಾಗ ಹೆಂಗಸರು ಎರಡನೆಯ ಹಾಜರಿಗೆ ನಿಂತಿರುತ್ತಾರೆ. ಈ ಹಾಜರಿಗೆ ಪುಸ್ತಕವಿಲ್ಲ, ಬಟವಾಡೆಯೂ ಇಲ್ಲ.

ಇಷ್ಟರ ನಡುವೆ ದೈವಕ್ಕೆ ಎಲ್ಲಿ ಬಿಡುವು ಎಂದು ನೀವು ಕೇಳಬಹುದು. ನಾನು ಕಂಡಂತೆ ಊರು ಬಿಟ್ಟ ಹೆಂಗಸು ಮೊದಲು ಜಾಗ ಮಾಡಿಕೊಡುವುದೇ ದೈವಕ್ಕೆ. ಅಜ್ಜಿ ಘಟ್ಟ ಹತ್ತಿದ ವರ್ಷವೇ ಲೈನಿನ ಹಿಂದಿನ ಹಲಸಿನ ಮರದ ಬುಡದಲ್ಲಿ ಒಂದು ಕಲ್ಲಿಟ್ಟು, ಊರಿನ ಗುಳಿಗನ ಹೆಸರು ಹೇಳಿ, ಎಲೆ ಅಡಿಕೆ ಇಟ್ಟಳಂತೆ. ‘ಅಷ್ಟು ದೂರದಿಂದ ಇಲ್ಲಿಗೆ ಅವನು ಬರುತ್ತಾನೆಯೇ ಅಜ್ಜಿ?’ ಎಂದು ನಾನು ಚಿಕ್ಕಂದಿನಲ್ಲಿ ಕೇಳಿದ್ದೆ. ‘ನಾನು ಬಂದಿಲ್ಲವಾ? ನಾನೇ ಬಂದ ಮೇಲೆ ಅವನಿಗೇನು ಧಾಡಿ!’ ಎಂದಳು. ಈ ಉತ್ತರದಲ್ಲಿ ಭಕ್ತಿ ಎಷ್ಟಿದೆಯೋ ಸಲಿಗೆಯೂ ಅಷ್ಟೇ ಇದೆ.

ತುಳುವರಲ್ಲಿ ಕೆಡ್ಡಸ ಎಂಬ ಆಚರಣೆಯುಂಟು. ಫೆಬ್ರವರಿಯ ಸುಮಾರಿಗೆ ಮೂರು ದಿನ ಭೂಮಿತಾಯಿ ಮುಟ್ಟಾಗುತ್ತಾಳೆಂದು ನಂಬಿ ಆ ದಿನಗಳಲ್ಲಿ ನೆಲ ಅಗೆಯುವುದಿಲ್ಲ, ಗಿಡ ಕಡಿಯುವುದಿಲ್ಲ. ಹುರಿದು ಪುಡಿಮಾಡಿದ ಧಾನ್ಯಕ್ಕೆ ಬೆಲ್ಲ, ಕಾಯಿ ಸೇರಿಸಿ ‘ನನ್ನೇರಿ’ ಮಾಡಿ ಹಂಚುತ್ತಾರೆ. ತೋಟದಲ್ಲಿ ಆ ಹೊತ್ತಿಗೆ ರೊಬಸ್ಟಾ ಕೊಯ್ಲಿನ ಅವಸರ. ಮೂರು ದಿನ ಕೆಲಸ ಬಿಟ್ಟರೆ ಮೂರು ದಿನದ ಕೂಲಿ ಹೋಯಿತು. ಅಜ್ಜಿ ಇದಕ್ಕೊಂದು ದಾರಿ ಕಂಡುಕೊಂಡಳು: ಹಣ್ಣು ಕೊಯ್ಯುವುದು ನೆಲವನ್ನು ಮುಟ್ಟುವ ಕೆಲಸವಲ್ಲವಾದ್ದರಿಂದ ಕೊಯ್ಲಿಗೆ ಹೋಗುವುದು, ಗುದ್ದಲಿ, ಕತ್ತಿ ಹಿಡಿಯುವ ಕೆಲಸ ಹೇಳಿದರೆ ಮಾತ್ರ ಒಲ್ಲೆನೆನ್ನುವುದು. ಮೇಸ್ತ್ರಿ ಮೊದಲು ರೇಗಿದ. ಎರಡು ವರ್ಷ ಕಳೆದ ಮೇಲೆ ಅವನೇ ‘ಈ ಮೂರು ದಿನ ಇವಳಿಗೆ ಕತ್ತಿ ಕೊಡಬೇಡಿ’ ಎನ್ನತೊಡಗಿದ. ಯಾವ ಪಂಡಿತರನ್ನೂ ಕೇಳದೆ, ಅನ್ನವನ್ನೂ ಬಿಡದೆ, ನಂಬಿಕೆಯನ್ನೂ ಬಿಡದೆ ನಡುದಾರಿ ಹುಡುಕಿದ ಅವಳ ಬುದ್ಧಿಯನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆಯೆನಿಸುತ್ತದೆ.

ಆಚೆಮನೆಯ ಅಕ್ಕನ ಹಬ್ಬ ಕರಮ. ಭಾದ್ರಪದ ಶುಕ್ಲ ಏಕಾದಶಿಯ ದಿನ ಕರಮ ಮರದ ಕೊಂಬೆಯನ್ನು ತಂದು ಅಂಗಳದಲ್ಲಿ ನೆಟ್ಟು, ಪೂಜಿಸಿ, ರಾತ್ರಿಯೆಲ್ಲ ಕೈ ಕೈ ಹಿಡಿದು ಸುತ್ತ ಕುಣಿಯುತ್ತಾರೆ. ಹುಡುಗಿಯರು ಮೊದಲೇ ಬುಟ್ಟಿಯ ಮರಳಿನಲ್ಲಿ ಕಾಳು ಬಿತ್ತಿ ಮೊಳಕೆ ಬರಿಸಿರುತ್ತಾರೆ. ಇಲ್ಲಿಗೆ ಬಂದ ಮೊದಲ ವರ್ಷ ಅವಳಿಗೆ ಕರಮ ಮರ ಯಾವುದೆಂದು ತೋರಿಸಿಕೊಡುವವರು ಇರಲಿಲ್ಲ. ಅಮ್ಮ ತೋಟದ ಅಂಚಿನಿಂದ ಒಂದು ಹಸಿ ಕೊಂಬೆ ತಂದುಕೊಟ್ಟು, ‘ಇದಾದೀತಾ ನೋಡು ಮಾರಾಯ್ತಿ’ ಎಂದಳು. ಆಯಿತು. ಆ ರಾತ್ರಿ ಜಡಿಮಳೆಯಲ್ಲಿ, ಕಣದ ತಗಡಿನ ಮಾಡಿನ ಕೆಳಗೆ, ಅಸ್ಸಾಮಿನ ನಾಲ್ವರು ಹೆಂಗಸರೊಡನೆ ನಮ್ಮ ತುಳುವರ ಹೆಂಗಸರೂ ಹೆಜ್ಜೆ ಹಾಕಿದರು. ಲೈನಿನ ಕೊನೆಯ ಮನೆಯವರು ಕ್ರೈಸ್ತರು. ಭಾನುವಾರದ ಪ್ರಾರ್ಥನೆಗೆ ಮೈಲುಗಟ್ಟಲೆ ನಡೆಯುವವರು. ಅವರೂ ಬಂದು ಕುಳಿತು ನೋಡಿದರು. ಎಲ್ಲರಿಗೂ ಬೇಕಾದದ್ದು ಒಂದೇ: ದುಡಿಯುವ ಕೈಯಷ್ಟೇ ನಾನಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುವ ಒಂದು ಗಳಿಗೆ.

ದುಡಿಮೆಯನ್ನು ಹಸಿವು ಕಲಿಸುತ್ತದೆ. ದೈವವನ್ನು ತಾಯಿ ಕಲಿಸಿರುತ್ತಾಳೆ. ಮೂರನೆಯದಾದ ತನ್ನ ಬೆಳವಣಿಗೆಯನ್ನು ಮಾತ್ರ ಯಾರೂ ತಾವಾಗಿ ಕೊಡುವುದಿಲ್ಲ. ‘ಮೊದಲು ಸಾಲ ತೀರಲಿ, ಮಕ್ಕಳು ದೊಡ್ಡವರಾಗಲಿ, ಆಮೇಲೆ ನೋಡೋಣ’ ಎಂದು ಹೆಂಗಸು ತನ್ನ ಸರದಿಯನ್ನು ಕೊನೆಗೆ ಇಟ್ಟುಕೊಳ್ಳುತ್ತಾಳೆ. ಆ ಸರದಿ ಬರುವುದೇ ಇಲ್ಲ. ನನ್ನ ತಾಯಿ ಅದನ್ನು ಕೊನೆಗೆ ಇಡಲಿಲ್ಲ. ಆದ್ದರಿಂದಲೇ ನಾನು ಇಂದು ಈ ಲೇಖನ ಬರೆಯುತ್ತಿದ್ದೇನೆ.

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಅಮ್ಮ ಒಂದು ರಾತ್ರಿ ‘ನನಗೆ ಅಂಕೆ ಹೇಳಿಕೊಡು’ ಎಂದಳು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ; ತಮ್ಮಂದಿರನ್ನು ನೋಡಿಕೊಳ್ಳುವುದರಲ್ಲಿಯೇ ಆ ವಯಸ್ಸು ಕಳೆದಿತ್ತು. ಮಸಿಯ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಒಂದರಿಂದ ಹತ್ತರವರೆಗೆ ಬರೆದುಕೊಟ್ಟೆ. ಅನ್ನ ಬೇಯುವಷ್ಟು ಹೊತ್ತು ಪಾಠ. ಅನ್ನ ಇಳಿಸಿದರೆ ಪಾಠ ಮುಗಿಯಿತು. ಮೂರೂ ನಾಲ್ಕೂ ಅವಳಿಗೆ ಬಹಳ ದಿನ ಒಂದೇ ಆಗಿ ಕಾಣುತ್ತಿದ್ದವು. ಕೊನೆಗೆ ತಾನೇ ಒಂದು ಉಪಾಯ ಕಂಡುಕೊಂಡು, ‘ಮೂರಕ್ಕೆ ಎರಡು ಹೊಟ್ಟೆ, ನಾಲ್ಕಕ್ಕೆ ಒಂದು ಕುರ್ಚಿ’ ಎಂದು ನಗುತ್ತಿದ್ದಳು. ಆ ಚಳಿಗಾಲ ಮುಗಿಯುವಷ್ಟರಲ್ಲಿ ನೂರರ ತನಕ ಬಂತು.

ಅವಳಿಗೆ ಅಂಕೆ ಏಕೆ ಬೇಕಾಗಿತ್ತೆಂಬುದು ನನಗೆ ತಿಳಿದದ್ದು ಮುಂದಿನ ಕೊಯ್ಲಿನಲ್ಲಿ. ಆಗ ನಾವಿದ್ದ ತೋಟದಲ್ಲಿ ಕೊಯ್ದ ಹಣ್ಣಿನ ತೂಕವನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ವಾರದ ಕೊನೆಗೆ ಚೀಟಿಯ ಮೇಲೆ ಬಟವಾಡೆ. ಒಂದು ಸಂಜೆ ತಕ್ಕಡಿಯ ಮುಳ್ಳು ನಲವತ್ತೆಂಟರಲ್ಲಿ ನಿಂತದ್ದನ್ನು ಅಮ್ಮ ನೋಡಿದಳು. ಚೀಟಿಯಲ್ಲಿ ಮೂವತ್ತೆಂಟು ಎಂದಿತ್ತು. ಅವಳು ದನಿ ಎತ್ತಲಿಲ್ಲ. ‘ರೈಟರೇ, ಇದು ಎರಡು ಹೊಟ್ಟೆಯದು, ನನ್ನದು ಕುರ್ಚಿಯದಾಗಬೇಕಿತ್ತಲ್ಲ’ ಎಂದಳು. ಸರದಿಯಲ್ಲಿ ನಿಂತವರಿಗೆ ಏನೂ ಅರ್ಥವಾಗಲಿಲ್ಲ. ರೈಟರಿಗೆ ಮಾತ್ರ ಅರ್ಥವಾಯಿತು. ಅವರು ಮೋರೆ ಗಂಟಿಕ್ಕಿಕೊಂಡು, ಬೆಳಕು ಕಡಿಮೆಯಾಗಿತ್ತೆಂದು ಹೇಳಿ, ಅಂಕೆಯನ್ನು ತಿದ್ದಿಕೊಟ್ಟರು. ಅದು ಬೆಳಕಿನ ದೋಷವೋ ಬೇರೆಯದೋ ನಾನು ತೀರ್ಪು ಹೇಳುವುದಿಲ್ಲ. ಮರುದಿನ ಸಂಜೆ ನಮ್ಮ ಬಾಗಿಲಲ್ಲಿ ಏಳೆಂಟು ಹೆಂಗಸರು ಚೀಟಿ ಹಿಡಿದು ನಿಂತಿದ್ದರು: ‘ನಮ್ಮದೂ ಓದಿ ಹೇಳು.’ ಅಮ್ಮ ಓದಿದಳು. ಸ್ವಲ್ಪ ದಿನದಲ್ಲಿ ‘ಓದಿ ಹೇಳು’ ಎಂಬುದು ‘ಓದಲು ಹೇಳಿಕೊಡು’ ಎಂದಾಯಿತು. ಆ ಕೊಯ್ಲಿನ ಉಳಿದ ದಿನಗಳಲ್ಲಿ ತೂಕದ ಜಾಗದಲ್ಲಿ ದೀಪ ಸ್ವಲ್ಪ ಬೇಗನೆ ಹತ್ತತೊಡಗಿತು.

ನಾನು ಪಿ.ಯು.ಸಿ. ಮುಗಿಸಿದಾಗ ನೆಂಟರೆಲ್ಲ ಒಂದೇ ಮಾತು ಹೇಳಿದರು: ‘ಹುಡುಗಿಗೆ ಇಷ್ಟು ಸಾಕು, ಇಬ್ಬರು ಕೊಯ್ಲಿಗೆ ಹೋದರೆ ಮನೆಗೆ ಎರಡು ಕೂಲಿ.’ ಲೆಕ್ಕ ಸುಳ್ಳಲ್ಲ. ಅಪ್ಪನಿಗೂ ಅದು ಸರಿಯೆನಿಸಿತ್ತು. ಅಮ್ಮ ಎಲ್ಲರ ಮಾತನ್ನೂ ಕೇಳಿ, ‘ಎರಡು ಕೂಲಿ ನನಗೂ ಗೊತ್ತು, ನನಗೆ ಈಗ ಅಂಕೆ ಬರುತ್ತದೆ. ಮೂರು ವರ್ಷದ ಕೂಲಿ ಒಂದು ಕಡೆ, ಇವಳ ಮುಂದಿನ ಮೂವತ್ತು ವರ್ಷ ಒಂದು ಕಡೆ ಇಟ್ಟು ನೀವೇ ತೂಗಿ’ ಎಂದಳು. ಅಂದಿನ ಚರ್ಚೆ ಅಲ್ಲಿಗೆ ನಿಂತಿತು.

ಇದು ನಮ್ಮ ಮನೆಯ ದೊಡ್ಡಸ್ತಿಕೆಯೆಂದು ಯಾರೂ ತಿಳಿಯಬಾರದು. ದುಡಿಮೆ, ದೈವ, ಅರಿವು ಮೂರನ್ನೂ ಒಂದೇ ಸೆರಗಿನಲ್ಲಿ ಕಟ್ಟಿಕೊಂಡ ಹೆಂಗಸರು ನಮ್ಮ ನಾಡಿಗೆ ಹೊಸಬರಲ್ಲ. 12ನೆಯ ಶತಮಾನದ ಕಲ್ಯಾಣವನ್ನು ನೆನೆಯಿರಿ. ಅಲ್ಲಿ ಸೇರಿದವರಲ್ಲಿ ಬಹುಮಂದಿ ಬೇರೆ ಬೇರೆ ಊರುಗಳಿಂದ ಬಂದವರು. ಆಯ್ದಕ್ಕಿ ಲಕ್ಕಮ್ಮ ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಗಂಡ ಮಾರಯ್ಯನೊಡನೆ ಬಂದವಳು. ಚೆಲ್ಲಿದ ಅಕ್ಕಿಯನ್ನು ಆಯುವುದು ಅವರ ಕಾಯಕ. ಒಂದು ದಿನ ಗಂಡ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ನಮಗೆ ಬೇಕಾದದ್ದಕ್ಕಿಂತ ಹೆಚ್ಚಿನದು ಆಸೆಯೆಂದು ಹೇಳಿ ಅದನ್ನು ಹಿಂದಕ್ಕೆ ಕಳುಹಿಸಿದಳೆಂಬುದು ಪ್ರಸಿದ್ಧವಾದ ಕತೆ. ಕೂಲಿಗೆ ಭತ್ತ ಕುಟ್ಟುತ್ತಿದ್ದ ಕೊಟ್ಟಣದ ಸೋಮವ್ವೆ, ಕದಿರು ತಿರುಗಿಸುತ್ತಿದ್ದ ಕದಿರೆ ರೆಮ್ಮವ್ವೆ, ಅಂಗಳ ಗುಡಿಸುತ್ತಿದ್ದ ಸತ್ಯಕ್ಕ ಇವರೆಲ್ಲ ವಚನಕಾರ್ತಿಯರು. ಇವರು ಕೆಲಸ ಮುಗಿಸಿ ಬಿಡುವಾದ ಮೇಲೆ ಚಿಂತನೆ ಮಾಡಿದವರಲ್ಲ. ಒನಕೆ, ಕದಿರು, ಪೊರಕೆಗಳನ್ನೇ ಮಾತಿಗೆ ತಂದರು. ಅಮ್ಮನ ‘ಕುರ್ಚಿ’ಯ ಮಾತು ಕೇಳಿದ್ದರೆ ಅವರು ನಕ್ಕು ಹತ್ತಿರ ಕೂರಿಸಿಕೊಳ್ಳುತ್ತಿದ್ದರೆಂದು ನನ್ನ ನಂಬಿಕೆ.

ನಮ್ಮ ರಾಜ್ಯದಲ್ಲಿಯೇ, ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಕಾಡುಗಳಲ್ಲಿ ಸಿದ್ದಿಯರಿದ್ದಾರೆ. ಕಾಫಿ ಬೀಜದಂತೆ ಅವರ ಪೂರ್ವಿಕರೂ ಆಫ್ರಿಕದಿಂದ ಬಂದವರು. ಆದರೆ ತಾವಾಗಿ ಬಂದವರಲ್ಲ, ಅರಬ್ಬರೂ ಪೋರ್ಚುಗೀಸರೂ ಗುಲಾಮರನ್ನಾಗಿ ತಂದವರು. ಅವರಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಸಿದ್ದಿ ಹೆಂಗಸರು ಹಗಲೆಲ್ಲ ಗದ್ದೆಯಲ್ಲಿ, ಕಾಡಿನಲ್ಲಿ ದುಡಿದು, ಉಳಿದ ಹೊತ್ತಿನಲ್ಲಿ ಹಳೆಯ ಸೀರೆ ಅಂಗಿಗಳ ತುಂಡುಗಳನ್ನು ಜೋಡಿಸಿ ‘ಕವಂದಿ’ ಎಂಬ ಕೌದಿ ಹೊಲಿಯುತ್ತಾರೆ. ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ ಸಣ್ಣ ಮುಕ್ಕೋನೆಗಳ ಹೂವನ್ನು ಹೊಲಿಯದೆ ಕವಂದಿ ಪೂರ್ತಿಯಾಯಿತೆಂದು ಅವರು ಒಪ್ಪುವುದಿಲ್ಲ. ಚಳಿ ತಡೆಯಲು ಆ ಹೂವು ಬೇಕಾಗಿಲ್ಲ. ಹೊಲಿದವಳಿಗೆ ಬೇಕು.

ಕಾಫಿ ಬೆಳೆಯುವ ಕೀನ್ಯಾ ದೇಶದ ವಂಗಾರಿ ಮಾಥಾಯ್ ಎಂಬಾಕೆಯ ಜೀವನವನ್ನೂ ನಮ್ಮ ಲೈನಿನ ಹೆಂಗಸರಿಗೆ ಹೇಳಬೇಕೆನಿಸುತ್ತದೆ. 1940ರಲ್ಲಿ ಒಕ್ಕಲು ಮನೆಯಲ್ಲಿ ಹುಟ್ಟಿದವಳು. ತಂದೆ ಬಿಳಿಯ ದೊರೆಯ ಜಮೀನಿನಲ್ಲಿ ಕೆಲಸಕ್ಕಿದ್ದವನು. ಕ್ರೈಸ್ತ ಸನ್ಯಾಸಿನಿಯರ ಶಾಲೆಯಲ್ಲಿ ಓದಿ, 1960ರಲ್ಲಿ ಅಮೆರಿಕಕ್ಕೆ ಹೋಗಿ ಪರದೇಶಿಯಾಗಿ ಕಲಿತು, ಊರಿಗೆ ಮರಳಿ 1971ರಲ್ಲಿ ಡಾಕ್ಟರೇಟ್ ಪಡೆದಳು. ಪೂರ್ವ ಮತ್ತು ಮಧ್ಯ ಆಫ್ರಿಕದಲ್ಲಿ ಆ ಪದವಿ ಪಡೆದ ಮೊದಲ ಹೆಂಗಸು ಅವಳೇ. 1977ರಲ್ಲಿ ಅವಳು ಹಳ್ಳಿಯ ಹೆಂಗಸರನ್ನು ಕೂಡಿಸಿ ಸಸಿ ನೆಡಿಸತೊಡಗಿದಳು. ಬದುಕಿ ಉಳಿದ ಪ್ರತಿ ಸಸಿಗೂ ಅವರಿಗೆ ಸ್ವಲ್ಪ ಹಣ ಸಿಗುತ್ತಿತ್ತು. 2004ರಲ್ಲಿ ಅವಳಿಗೆ ನೊಬೆಲ್ ಶಾಂತಿ ಪಾರಿತೋಷಕ ಬಂತು. 2011ರಲ್ಲಿ ತೀರಿಕೊಂಡಳು. ಇಂದಿಗೂ ಘಾನಾ, ನೈಜೀರಿಯ, ಇಥಿಯೋಪಿಯಗಳಿಂದ ಹೊರಟ ಎಷ್ಟೋ ಹೆಂಗಸರು ಲಂಡನ್, ನ್ಯೂಯಾರ್ಕ್ ನಗರಗಳ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ದುಡಿದು, ಭಾನುವಾರ ತಮ್ಮ ಮಾತಿನ ಪ್ರಾರ್ಥನೆಗೆ ಸೇರಿ, ಉಳಿದ ಹೊತ್ತಿನಲ್ಲಿ ಪರೀಕ್ಷೆಗೆ ಓದುತ್ತಿದ್ದಾರೆ. ಅವರ ಮಾತು ನಮಗೆ ತಿಳಿಯದು. ಅವರ ದಿನಚರಿಯನ್ನು ಮಾತ್ರ ನಮ್ಮ ಲೈನಿನ ಯಾವ ಹೆಂಗಸಾದರೂ ಬಾಯಿಪಾಠ ಒಪ್ಪಿಸಬಲ್ಲಳು.

ಆದರೆ ಹೆಂಗಸರ ಧೈರ್ಯವೊಂದನ್ನೇ ಹೊಗಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಗಿಡಕ್ಕೆ ನೆರಳು ಬೇಕಾದಂತೆ ಇವರಿಗೂ ಬೇಕು. 1951ರ ತೋಟ ಕಾರ್ಮಿಕರ ಕಾಯಿದೆ ವಾಸಕ್ಕೆ ಮನೆ, ಕುಡಿಯುವ ನೀರು, ಔಷಧೋಪಚಾರ, ಕೂಸುಗಳಿಗೆ ಶಿಶುವಿಹಾರ ಇರಬೇಕೆಂದು ವಿಧಿಸಿತು. 1976ರ ಕಾಯಿದೆ ಗಂಡಿಗೂ ಹೆಣ್ಣಿಗೂ ಸಮಾನ ಕೂಲಿ ಎಂದಿತು. 2025ರಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಬಂದು ಹಳೆಯ ಕಾಯಿದೆಗಳ ಸ್ಥಾನವನ್ನು ಹಿಡಿದಿವೆ. ಕಾಯಿದೆಯ ಹೆಸರು ಯಾವುದಾದರೇನು? ಓದಲು ಬಾರದವಳಿಗೆ ಅದರ ಒಂದು ಅಕ್ಷರವೂ ತಾನಾಗಿ ಕೆಲಸಕ್ಕೆ ಬಾರದು. 2023ರ ಜೂನಿನಿಂದ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೇಟಿಲ್ಲ. ಅಮ್ಮ ಮೂಡಿಗೆರೆಗೆ ಪುಕ್ಕಟೆ ಹೋಗಿ ಬರುತ್ತಾಳೆ. ಪಕ್ಕದ ಸೀಟಿನ ಅಸ್ಸಾಮಿನ ಅಕ್ಕನ ಗುರುತಿನ ಚೀಟಿಯಲ್ಲಿ ಬೇರೆ ರಾಜ್ಯದ ವಿಳಾಸವಿರುವುದರಿಂದ ಅವಳು ಹಣ ಕೊಡಬೇಕು. ಇಬ್ಬರೂ ಒಂದೇ ಸಾಲಿನ ಗಿಡ ಕೊಯ್ಯುವವರು. ಇದನ್ನು ಆಳುವವರು ಒಂದು ದಿನ ಯೋಚಿಸಿಯಾರು ಎಂದು ಹಾರೈಸುತ್ತೇನೆ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ನಾವು ಮಾಡಬಹುದು. ಈ ಕಾಲೇಜಿನಲ್ಲಿ ತೋಟದ ಮಕ್ಕಳು ನಾನೊಬ್ಬಳೇ ಅಲ್ಲ. ರಜೆಯಲ್ಲಿ ಮನೆಗೆ ಹೋದಾಗ ಪ್ರತಿಯೊಬ್ಬರೂ ನಮ್ಮ ನಮ್ಮ ಲೈನಿನ ಒಬ್ಬ ಹೆಂಗಸಿಗೆ ಅವಳ ಹೆಸರು ಬರೆಯುವುದನ್ನೂ ನೂರರವರೆಗಿನ ಅಂಕೆಯನ್ನೂ ಬಸ್ಸಿನ ಬೋರ್ಡನ್ನೂ ಓದಲು ಕಲಿಸಿದರೆ ಸಾಕು. ಇದಕ್ಕೆ ಸಂಘ ಬೇಡ, ಉದ್ಘಾಟನೆ ಬೇಡ, ಹಾರ ತುರಾಯಿ ಬೇಡ; ಅನ್ನ ಬೇಯುವಷ್ಟು ಹೊತ್ತು ಬೇಕು.

ಆಚೆಮನೆಯ ಅಕ್ಕನ ಹಿರಿಯ ಮಗಳಿಗೆ ಏಳು ವರ್ಷ. ಕಳೆದ ಮಳೆಗಾಲದವರೆಗೆ ಅವಳು ತಮ್ಮನನ್ನು ಎತ್ತಿಕೊಂಡು ಮನೆಯಲ್ಲಿರುತ್ತಿದ್ದಳು. ಊರಿಗೆ ಕಳುಹಿಸೋಣವೆಂದರೆ ಅಲ್ಲಿ ನೋಡುವವರಿಲ್ಲ. ಇಲ್ಲಿ ಶಾಲೆಗೆ ಹಾಕೋಣವೆಂದರೆ ಕನ್ನಡ ಬಾರದು, ಕೊಯ್ಲು ಮುಗಿದರೆ ಊರಿಗೆ ಹೊರಡಬೇಕಾದೀತು. ಗಂಡ ಹೆಂಡಿರ ಮಾತು ಗೋಡೆಯಾಚೆ ಬಹಳ ರಾತ್ರಿ ಕೇಳಿಸುತ್ತಿತ್ತು. ಒಂದು ಮುಂಜಾನೆ ಅಕ್ಕ ಮಗಳ ತಲೆ ಬಾಚಿ, ಎಣ್ಣೆ ಹಚ್ಚಿ, ಕೈಹಿಡಿದು ಸರ್ಕಾರಿ ಶಾಲೆಗೆ ನಡೆದಳು. ಚಿಕ್ಕವನನ್ನು ಹಗಲಲ್ಲಿ ನನ್ನ ಅಜ್ಜಿಯ ವಯಸ್ಸಿನ ನೆರೆಯವರೊಬ್ಬರು ನೋಡಿಕೊಳ್ಳುತ್ತಾರೆ. ಸಂಜೆ ಮಗಳು ಕಲಿತ ಅಕ್ಷರವನ್ನು ತಾಯಿಯೂ ಬರೆಯುತ್ತಾಳೆ. ಮೊನ್ನೆ ರಜೆಗೆ ಹೋದಾಗ ಅವಳು ನನಗೆ ಪುಸ್ತಕ ತೋರಿಸಿದಳು. ಮಗಳ ‘ಅ’ ನೆಟ್ಟಗಿತ್ತು. ತಾಯಿಯದು ಸ್ವಲ್ಪ ಬಾಗಿತ್ತು. ಬಾಗದೆ ಏನು ಮಾಡೀತು? ದಿನವೆಲ್ಲ ಕೊಂಬೆ ಬಗ್ಗಿಸಿದ ಕೈ ಅದು.

ಘಟ್ಟ ಹತ್ತಿ ಬಂದ ತಾಯಂದಿರೇ, ಅಕ್ಕತಂಗಿಯರೇ, ನಿಮಗೆ ಧೈರ್ಯ ಹೇಳುವಷ್ಟು ದೊಡ್ಡವಳು ನಾನಲ್ಲ. ಹುಟ್ಟಿದೂರು ಬಿಟ್ಟು, ಭಾಷೆ ಗೊತ್ತಿಲ್ಲದ ಬೆಟ್ಟದಲ್ಲಿ ಒಲೆ ಹೂಡಿದ ದಿನವೇ ನೀವು ಅತಿ ಕಷ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದೀರಿ. ಇನ್ನುಳಿದವು ಅದಕ್ಕಿಂತ ಸುಲಭ. ದುಡಿಯಿರಿ, ದುಡಿದದ್ದನ್ನು ಎಣಿಸಲು ಕಲಿಯಿರಿ. ನಿಮ್ಮ ದೈವಕ್ಕೆ ಕೈಮುಗಿಯಿರಿ; ನೆರೆಯವಳ ದೈವಕ್ಕೂ ಒಂದು ಕೊಂಬೆ ತಂದುಕೊಡಿ. ದಿನಕ್ಕೆ ಅರ್ಧ ಗಂಟೆಯನ್ನು, ಅಷ್ಟಾಗದಿದ್ದರೆ ಕಾಲು ಗಂಟೆಯನ್ನು ನಿಮ್ಮದೆಂದು ಇಟ್ಟುಕೊಳ್ಳಿ. ಯಾರು ಕೇಳಿದರೂ ಕೊಡಬೇಡಿ. ಓದುವುದೋ, ಹೊಲಿಯುವುದೋ, ಹಾಡುವುದೋ ನಿಮ್ಮಿಷ್ಟ. ಮಕ್ಕಳು ದೊಡ್ಡವರಾಗುವವರೆಗೆ ಕಾಯಬೇಡಿ. ತಾಯಿ ಕಲಿಯುವುದನ್ನು ಕಂಡ ಮಕ್ಕಳು ಬೇರೆ ರೀತಿಯಲ್ಲಿ ದೊಡ್ಡವರಾಗುತ್ತಾರೆ. ನಾನು ಬಲ್ಲೆ, ಏಕೆಂದರೆ ಒಲೆಯ ಮುಂದೆ ಕುಳಿತು ಮೂರಕ್ಕೂ ನಾಲ್ಕಕ್ಕೂ ಇರುವ ವ್ಯತ್ಯಾಸವನ್ನು ಕಲಿತ ಒಬ್ಬ ತಾಯಿಯ ಮಗಳು ನಾನು.